ಪಕ್ಕದ ಮೇಜು

ಮನೆಯಿಂದ ಕೆಲಸ ಅನ್ನೋದು ಬ್ಯಾಂಕಿನವರಿಗಲ್ಲ ಅಂತ ನಾವೆಲ್ಲ ನಂಬಿದ್ದೆವು. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರು ಮನೆಯಲ್ಲಿ ಕೂತರೆ ಕ್ಯಾಶ್ ಹೊರಗೇ ಬರೋಲ್ಲ! 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿದಾಗಲೂ ಶಾಖೆಗಳು ತೆರೆದಿದ್ದವು. ಆ ಗಲಾಟೆಯ ನಡುವೆಯೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ನಮ್ಮ ಕರಾವಳಿಯ ಎರಡು ಹೆಸರು ಹೋದವು, ಅಳೋದಕ್ಕೂ ಪುರುಸೊತ್ತಿರಲಿಲ್ಲ. (ಅದು ಬೇರೆ ಕಥೆ, ಇನ್ನೊಮ್ಮೆ ಬರೀತೀನಿ.)

ನಾನಿರೋದು ಶಾಖೆಯಲ್ಲಲ್ಲ, ಫೋರ್ಟ್ ಕಡೆಯ ಸಾಲ ಮಂಜೂರಾತಿ ವಿಭಾಗದಲ್ಲಿ. ಇಲ್ಲಿಗೆ ಗಿರಾಕಿ ಬರೋಲ್ಲ, ಫೈಲು ಬರುತ್ತೆ. ಲೋಕಲ್ ರೈಲು ನಿಂತಿತ್ತು. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಅಂತ ಮತ್ತೆ ಬಿಟ್ಟರೂ, ದೂರದವರಿಗೆಲ್ಲ ಲ್ಯಾಪ್‌ಟಾಪ್ ಕೊಟ್ಟು ಮನೆಯಲ್ಲೇ ಕೂರಿಸಿದ್ದೆವು.

ಬದ್ಲಾಪುರದಿಂದ ಬರುವ ಮೇಡಂ ಒಬ್ಬರಿದ್ದಾರೆ. ಇಪ್ಪತ್ತೈದು ವರ್ಷದ ಸರ್ವೀಸು. ಮನೆ ಬಾಗಿಲಿನಿಂದ ಮೇಜಿನವರೆಗೆ ಎರಡು ಗಂಟೆ, ವಾಪಸ್ ಮತ್ತೆ ಎರಡು. ಅವರು ಮನೆಯಲ್ಲಿ ಕೂತ ಮೇಲೆ ದಿನಕ್ಕೆ ಮೂರು ಪ್ರಪೋಸಲ್ ಇದ್ದದ್ದು ನಾಲ್ಕಾಯಿತು. ನೋಟುಗಳಲ್ಲಿ ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾದರೆ ಆಫೀಸೇ ಬೇಡವೇ ಅಂತ ನನಗೂ ಅನ್ನಿಸಿತ್ತು.

2021ರಲ್ಲಿ ಹೊಸ ಪ್ರೊಬೇಷನರಿ ಆಫೀಸರ್ ಒಬ್ಬ ಬಂದ. ಚುರುಕು ಹುಡುಗ, ಅವನೂ ಹೆಚ್ಚಾಗಿ ಮನೆಯಿಂದಲೇ. ಒಂದು ಫೈಲಿನಲ್ಲಿ ಮಾರ್ಚ್ ಕೊನೆಯ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿರೋ ದಾಸ್ತಾನು ಒಂದು, ಬ್ಯಾಲೆನ್ಸ್ ಶೀಟಿನಲ್ಲಿರೋದು ಇನ್ನೊಂದು. ನಾನು ತಡೆದು ಕೇಳಿದೆ. "ಕಂಡಿತ್ತು ಸರ್, ಇಷ್ಟಕ್ಕೆಲ್ಲ ಫೋನ್ ಮಾಡೋದಾ ಅಂತ ಬಿಟ್ಟೆ" ಅಂದ.

ಆಫೀಸಿನಲ್ಲಿದ್ದಿದ್ದರೆ ಕುತ್ತಿಗೆ ತಿರುಗಿಸಿ ಮೇಡಂನ ಕೇಳುತ್ತಿದ್ದ. ನಾವು ಕಲಿತದ್ದೂ ಹಾಗೇ ಅಲ್ಲವೇ? ಪಕ್ಕದ ಮೇಜಿನವರು ಪಾರ್ಟಿಯ ಜೊತೆ ಫೋನಿನಲ್ಲಿ ಮಾತಾಡೋದನ್ನು ಕೇಳಿಸಿಕೊಂಡು, ಯಾವ ಪ್ರಶ್ನೆಗೆ ಆತ ತಡವರಿಸಿದ ಅಂತ ಅವರ ಮುಖ ನೋಡಿ. ಬಿ.ಕಾಂ. ಪುಸ್ತಕದಲ್ಲಿ ಅದೆಲ್ಲಿತ್ತು!

ಇದರ ಬಗ್ಗೆ ಸಂಶೋಧನೆಗಳೂ ಆಗಿವೆ. ಶಾಂಘೈನ ಸಿಟ್ರಿಪ್ ಕಂಪನಿಯ ಕಾಲ್ ಸೆಂಟರಿನಲ್ಲಿ ಮನೆಯಿಂದ ಮಾಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು. 2015ರಲ್ಲಿ ಪ್ರಕಟವಾದ ಅಧ್ಯಯನ ಅದು. ಚೆನ್ನೈನಲ್ಲಿ ಡೇಟಾ ಎಂಟ್ರಿ ಮಾಡುವವರ ಮೇಲೆ ನಡೆಸಿದ್ದು 2023ರಲ್ಲಿ ಬಂತು, ಅಲ್ಲಿ ಮನೆಯವರದ್ದು ಶೇ. 18 ಕಡಿಮೆ. ಯಾವುದು ಸರಿ? ಎರಡೂ ಸರಿ ಅಂತ ನನ್ನ ಲೆಕ್ಕ. ಶಾಂಘೈನಲ್ಲಿ ಆರು ತಿಂಗಳ ಅನುಭವ, ಮನೆಯಲ್ಲಿ ಸ್ವಂತ ಕೋಣೆ ಇದ್ದವರನ್ನೇ ಆರಿಸಿದ್ದರು. ಚೆನ್ನೈನವರು ಹೊಸಬರು. ಮುಂಬಯಿಯ ಒನ್ ರೂಮ್ ಕಿಚನ್‌ನಲ್ಲಿ ಸ್ವಂತ ಕೋಣೆ ಅಂದರೆ ಬಾತ್‌ರೂಮ್ ಒಂದೇ, ಬಿಡಿ.

ಹಾಗಂತ ಆಫೀಸಿನಲ್ಲಿ ಕೂತದ್ದೆಲ್ಲ ಕೆಲಸವೂ ಅಲ್ಲ. ಸಾಹೇಬರು ಏಳುವವರೆಗೆ ಏಳಬಾರದು ಅನ್ನೋ ನಮ್ಮ ಹಳೇ ರೋಗ ಹೋಗಿಲ್ಲ. ಏಳು ಗಂಟೆಗೂ ಸ್ಕ್ರೀನ್ ನೋಡುತ್ತಾ ಕೂತಿರೋರಲ್ಲಿ ಎಷ್ಟು ಜನ ನಿಜಕ್ಕೂ ಫೈಲು ಓದುತ್ತಿರುತ್ತಾರೆ ಅಂತ ನನಗೆ ಗೊತ್ತು.

ಈಗ ಎಲ್ಲರೂ ವಾರಪೂರ್ತಿ ಆಫೀಸಿಗೇ ಬರಬೇಕು. ಮೇಡಂ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಕಳೆದ ವಾರ ಸ್ವಯಂ ನಿವೃತ್ತಿಯ ಅರ್ಜಿ ತಂದು ಮೇಜಿನ ಮೇಲಿಟ್ಟರು. "ಸರ್, ಕೆಲಸ ಸಾಕಾಗಿಲ್ಲ, ರೈಲು ಸಾಕಾಗಿದೆ" ಅಂದರು.

ಮೂರು ದಿನ ಆಫೀಸು, ಎರಡು ದಿನ ಮನೆ, ಆ ಮೂರು ದಿನ ಹೊಸ ಹುಡುಗರ ಮೇಜು ಅವರ ಪಕ್ಕದಲ್ಲೇ ಅಂತ ಒಂದು ನೋಟ್ ಬರೆದು ಮೇಲಕ್ಕೆ ಕಳಿಸಿದೆ. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ" ಅಂತ ಫೋನಿನಲ್ಲಿ ಉತ್ತರ ಬಂತು. ಅದನ್ನೇ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದ್ದೇನೆ. ಇನ್ನೂ ಬಂದಿಲ್ಲ. ಶುಕ್ರವಾರದವರೆಗೆ ತಡೆಯಿರಿ ಅಂತ ಮೇಡಂಗೆ ಹೇಳಿದ್ದೇನೆ. ಅಲ್ಲಿಯವರೆಗೆ ಅರ್ಜಿ ನನ್ನ ಡ್ರಾಯರಿನಲ್ಲಿದೆ.