ಎರಡು ಸ್ಕ್ರೂ, ಮೂರು ದಿನ

ಕಪ್ಪು ತಲೆ ಹುಳದ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಇವತ್ತು ಕಾರಿನ ಸುದ್ದಿ. ನಮ್ಮ ಹಂದನಕೆರೆ ಸುತ್ತಮುತ್ತ ಹಳೇ ಆಲ್ಟೋ, ಓಮ್ನಿ ಇಟ್ಕೊಂಡಿರೋ ರೈತರು ಬೇಕಾದಷ್ಟು ಜನ ಇದ್ದೀರಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಇದು 2024ರ ಫೆಬ್ರವರಿಯಲ್ಲಿ ನಡೆದಿದ್ದು. ನಮ್ಮದು ಸೆಕೆಂಡ್ ಹ್ಯಾಂಡ್ ಆಲ್ಟೋ, ಎಂಟುನೂರು ಸಿಸಿ ಎಂಜಿನ್ನಿಂದು. ಆಗಾಗ ಎರಡು ಚೀಲ ಕೊಬ್ಬರಿ, ಒಂದು ಚೀಲ ಗೊಬ್ಬರ ಹೊರುತ್ತೆ. ಆದರೆ ಅದನ್ನ ಇಟ್ಕೊಂಡಿರೋದು ಅವ್ವನಿಗೋಸ್ಕರ. ಅವ್ವನಿಗೆ ಎಂಬತ್ತು ದಾಟಿದೆ. ತಿಂಗಳಿಗೊಂದು ಸಲ ತಿಪಟೂರಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತೋಕೆ ಮಂಡಿ ಬಿಡಲ್ಲ.

ಆವತ್ತು ವಾಪಸ್ ಬರುವಾಗ ಬಿ.ಎಚ್. ರಸ್ತೇಲಿ ಕಾರು ಆಫ್ ಆಯ್ತು. ಸ್ಟಾರ್ಟ್ ಮಾಡಿದರೆ ಆಗುತ್ತೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಿಂತುಹೋಗುತ್ತೆ. ಹಿಂದೆ ಲಾರಿ, ಬಸ್ಸು ಸಾಲಾಗಿ ಹಾರನ್ ಹೊಡೀತಿವೆ. ಅವ್ವ ಹಿಂದಿನ ಸೀಟಲ್ಲಿ ಕೂತು "ಯಾಕಪ್ಪಾ, ಇದಕ್ಕೂ ನನ್ನಂಗೆ ಮೇಲುಸಿರು ಬಂತಾ" ಅಂದರು. ನನಗೆ ನಗುವಂಥ ಸ್ಥಿತಿ ಇರಲಿಲ್ಲ. ಒಂದು ಕಾಲು ಬ್ರೇಕಿನ ಮೇಲೆ, ಒಂದು ಆಕ್ಸಿಲರೇಟರ್ ಮೇಲೆ ಇಟ್ಕೊಂಡು ಹೇಗೋ ಮತ್ತಿಘಟ್ಟದ ದಾರಿ ಹಿಡಿದು ಊರು ಸೇರಿದೆ. ಇಳಿದ ಮೇಲೆ ಅವ್ವ ಹೇಳಿದ್ದು ಒಂದೇ ಮಾತು, "ಇನ್ನ್ ನಾನೆಲ್ಲೂ ಬರಕಿಲ್ಲ, ಮಾತ್ರೆ ನೀನೇ ತಂದ್ಕೊಡು."

ಮಾರನೆ ದಿನ ಗ್ಯಾರೇಜಿನವರೊಬ್ಬರಿಗೆ ತೋರಿಸಿದೆ. ಐಡಲ್ ಮೋಟಾರ್ ಹೋಗಿದೆ, ಅದರ ಸ್ಕ್ರೂ ಹಿಡ್ಕೊಂಡಿದೆ, ಬಿಚ್ಚೋಕೆ ಬರಲ್ಲ, ಥ್ರಾಟಲ್ ಬಾಡಿನೇ ಪೂರಾ ಬದಲಾಯಿಸಬೇಕು, ಹದಿನಾಲ್ಕು ಸಾವಿರ ಅಂದರು. ಆವಾಗ ಕೊಬ್ಬರಿ ರೇಟು ನೆನಪಿದೆ ತಾನೆ? ಕ್ವಿಂಟಲಿಗೆ ಒಂಬತ್ತು ಸಾವಿರದ ಆಚೆ ಈಚೆ. ಬೆಂಬಲ ಬೆಲೆ 12,000. ನಾವೆಲ್ಲ ನಾಫೆಡ್ ಖರೀದಿಗೆ ಹೆಸರು ಬರೆಸೋಕೆ ಕಾಯ್ತಾ ಇದ್ದ ಕಾಲ. ಹದಿನಾಲ್ಕು ಸಾವಿರ ಹೊಂದಿಸೋಕೆ ಅಟ್ಟದ ಮೇಲಿಂದ ಒಂದೂವರೆ ಕ್ವಿಂಟಲ್ ಕೊಬ್ಬರಿ ಇಳಿಸಿ ಅಂದಿನ ರೇಟಿಗೇ ಕೊಡಬೇಕಿತ್ತು. ಅಲ್ಲಿಗೆ ನಾಲ್ಕೂವರೆ ಸಾವಿರ ಸುಮ್ಮನೆ ಹೋದಂಗೆ. ಬೆಂಗಳೂರಲ್ಲಿರೋ ಮಗ "ಅಪ್ಪಾಜಿ, ಅದನ್ನ ಗುಜರಿಗೆ ಹಾಕಿ" ಅಂದ. ಗುಜರಿಗೆ ಹಾಕಿ ಅವ್ವನ್ನ ಯಾವುದರಲ್ಲಿ ಕರ್ಕೊಂಡು ಹೋಗಲಿ, ಅವನು ಹೇಳಲಿಲ್ಲ.

ಮೋಟಾರ್ ಒಂದನ್ನೇ ಹೊರಗಡೆ ಅಂಗಡೀಲಿ ಕೇಳಿದರೆ ಎರಡು ಸಾವಿರದೊಳಗೆ ಸಿಕ್ತು. ಅದು ಬೆರಳುದ್ದದ ಒಂದು ಸಣ್ಣ ಮೋಟಾರು. ಕಾಲು ತೆಗೆದಾಗ ಥ್ರಾಟಲ್ ಮುಚ್ಚಿಕೊಳ್ಳುತ್ತಲ್ಲ, ಆವಾಗ ಪಕ್ಕದ ಸಣ್ಣ ದಾರಿಯಿಂದ ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕೋ ಅಷ್ಟು ಬಿಡೋದು ಇದರ ಕೆಲಸ. ಅದನ್ನ ಥ್ರಾಟಲ್ ಬಾಡಿಗೆ ಹಿಡಿದಿರೋದು ಎರಡೇ ಸ್ಟಾರ್ ಸ್ಕ್ರೂ. ಎರಡು ಸ್ಕ್ರೂ ತಾನೆ ಅಂದ್ಕೊಂಡೆ.

ಬ್ಯಾಟರಿ ಮೈನಸ್ ಬಿಚ್ಚಿ ಕೆಲಸ ಶುರು ಮಾಡಿದೆ. ನನ್ನ ಹತ್ರ ಇದ್ದಿದ್ದು ಪಂಪ್‌ಸೆಟ್ ಸ್ಟಾರ್ಟರಿಗೆ ಉಪಯೋಗಿಸೋ ಒಂದು ಸ್ಕ್ರೂ ಡ್ರೈವರ್, ತುದಿ ಸವೆದಿತ್ತು. ಕೂರಿಸಿ ತಿರುಗಿಸಿದೆ. ಕಟ್ ಅಂತ ಎಗರಿತು. ಇನ್ನೊಂದು ಸಲ ಬಲ ಹಾಕಿದೆ, ಮತ್ತೆ ಎಗರಿತು. ನಾಲ್ಕನೇ ಸಲಕ್ಕೆ ಸ್ಕ್ರೂ ತಲೆ ಮೇಲಿನ ಪ್ಲಸ್ ಗುರುತು ಹೋಗಿ ದುಂಡಗಿನ ಗುಳಿ ಆಗಿತ್ತು. ಗ್ಯಾರೇಜಿನವರು ಹಾಳು ಮಾಡಿದ್ದು ಏನೂ ಇರಲಿಲ್ಲ, ಹಾಳು ಮಾಡಿದೋನು ನಾನೇ. ಅಲ್ಲಿಗೆ ಒಂದು ದಿನ ಮುಗೀತು.

ಸಂಜೆ ಅಪ್ಪನ ನೆನಪು ಬಂತು. ಅಪ್ಪ ಪಂಪಿನ ಬೋಲ್ಟಿಗೆ ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿ ಹಚ್ಚಿ ರಾತ್ರಿ ಪೂರ್ತಿ ಬಿಡೋರು. ಸೀಮೆಎಣ್ಣೆ ಮನೇಲಿ ಇರಲಿಲ್ಲ. ಮನೆಯಾಕೆ "ಕೊಬ್ಬರಿ ಎಣ್ಣೆ ಬಿಡ್ರೀ" ಅಂದಳು, ಬಿಟ್ಟೆ. ಬೆಳಿಗ್ಗೆ ನೋಡಿದರೆ ಸ್ಕ್ರೂ ಸುತ್ತ ಬೆಣ್ಣೆ ಮೆತ್ತಿದಂಗೆ ಗಟ್ಟಿಯಾಗಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ, ಮಾಘದ ಚಳಿ ಬೇರೆ. ತೆಂಗಿನ ಸೀಮೇಲಿ ಹುಟ್ಟಿ ಬೆಳೆದು ಇಷ್ಟು ಹೊಳೀಲಿಲ್ಲವಲ್ಲ ಅಂತ ಇಬ್ಬರೂ ನಕ್ಕೆವು. ಅದನ್ನೆಲ್ಲ ಒರೆಸಿ, ಡೀಸೆಲ್ಲಿಗೆ ಸ್ವಲ್ಪ ತೆಳು ಆಯಿಲ್ ಸೇರಿಸಿ ಬಿಟ್ಟೆ. ಅಂಗಡೀಲಿ ಸಿಗೋ ಡಬ್ಲ್ಯೂಡಿ-40 ಇದ್ದರೆ ಅದೂ ಆಗುತ್ತೆ. ಅದು 1953ರಲ್ಲಿ ಅಮೆರಿಕದಲ್ಲಿ ರಾಕೆಟ್ ಕೆಲಸಕ್ಕೆ ತಯಾರಾಗಿದ್ದು, ನೀರನ್ನ ಓಡಿಸೋಕೆ ಅಂತ ಮಾಡಿದ ನಲವತ್ತನೇ ಪ್ರಯತ್ನ, ಅದಕ್ಕೇ ಆ ಹೆಸರು. ಯಾವ ಎಣ್ಣೆ ಆದ್ರೂ ಒಳಗೆ ಇಳಿಯೋಕೆ ಟೈಮ್ ಕೊಡಬೇಕು. ಹಚ್ಚಿ ಐದು ನಿಮಿಷಕ್ಕೆ ತಿರುಗಿಸಿದರೆ ಪ್ರಯೋಜನ ಇಲ್ಲ.

ಎರಡನೇ ದಿನ ನಮ್ಮೂರ ಬೈಕ್ ಮೆಕ್ಯಾನಿಕ್ ಹುಡುಗನ ಹತ್ರ ಹೋದೆ. "ಅಣ್ಣ, ಕಾರ್ ಮೆಕ್ಯಾನಿಕ್ ಹತ್ರ ಹೋಗಬೇಡಿ, ಸ್ಟಾರ್ ಸ್ಕ್ರೂ ಕಷ್ಟ ಗೊತ್ತಿರೋದು ನಮಗೇ" ಅಂದ. ನಿಜ. ಹಳೇ ಹೀರೋ ಹೋಂಡಾ ಎಂಜಿನ್ ಕವರಿಗೆಲ್ಲ ಸ್ಟಾರ್ ಸ್ಕ್ರೂಗಳೇ, ಅವನು ದಿನಾ ಬಿಚ್ಚುತ್ತಾನೆ. ಕಪಾಟಿನಿಂದ ಇಂಪ್ಯಾಕ್ಟ್ ಡ್ರೈವರ್ ತೆಗೆದು ಕೊಟ್ಟ. ಮುಷ್ಟಿ ಗಾತ್ರದ ದಪ್ಪ ಸ್ಕ್ರೂ ಡ್ರೈವರ್, ಹಿಂದಿನಿಂದ ಸುತ್ತಿಗೇಲಿ ಹೊಡೆದರೆ ತುದಿ ಒಳಕ್ಕೆ ಒತ್ತಿಕೊಳ್ತಾ ಅದೇ ಹೊತ್ತಿಗೆ ಸ್ವಲ್ಪ ತಿರುಗುತ್ತೆ. ಉಪಾಯ ಇರೋದು ಅಲ್ಲೇ. ಸ್ಟಾರ್ ಸ್ಕ್ರೂವಿನ ಗುಳಿ ಇಳಿಜಾರಾಗಿ ಇರೋದರಿಂದ ತಿರುಗಿಸಿದಷ್ಟೂ ಡ್ರೈವರನ್ನ ಮೇಲಕ್ಕೆ ತಳ್ಳುತ್ತೆ. ಮೇಲಿನಿಂದ ಏಟು ಬಿದ್ದರೆ ತಳ್ಳೋಕೆ ಆಗಲ್ಲ. ಏಟಿನ ಅದುರಿಗೆ ಒಳಗಿನ ತುಕ್ಕೂ ಬಿರುಕು ಬಿಡುತ್ತೆ. ಇನ್ನೊಂದು ಮಾತು ಹೇಳಿದ: ಜಪಾನಿ ಸ್ಕ್ರೂಗಳ ಪ್ಲಸ್ ಗುಳಿ ನಮ್ಮ ಮಾಮೂಲಿ ಡ್ರೈವರಿನ ಆಕಾರಕ್ಕೆ ಸರಿಯಾಗಿ ಹೊಂದಲ್ಲ, ತಲೆ ಮೇಲೆ ಸಣ್ಣ ಚುಕ್ಕೆ ಇದ್ದರೆ ಆ ಜಾತಿ ಅಂತ. ನನ್ನದರಲ್ಲಿ ಚುಕ್ಕೆ ಇತ್ತೋ ಏನೋ, ಸವೆಸಿ ಹಾಕಿದ ಮೇಲೆ ಏನು ನೋಡೋದು.

ಎಂಜಿನ್ ಸಂದೀಲಿ ಸುತ್ತಿಗೆ ಬೀಸೋಕೆ ಜಾಗ ಇಲ್ಲ. ಥ್ರಾಟಲ್ ಬಾಡಿನೇ ಬಿಚ್ಚಿ ತೆಗೆದೆ, ಅದರ ಬೋಲ್ಟುಗಳು ಸ್ಪ್ಯಾನರಿಗೆ ಸುಲಭವಾಗಿ ಬಂದವು. ಅಂಗಳದಲ್ಲಿ ತೆಂಗಿನ ಕೊರಡಿನ ಮೇಲೆ ಗೋಣಿಚೀಲ ಹಾಸಿ, ಸಮ ಇರೋ ಮೈ ಕೆಳಗೆ ಬರೋ ಹಾಗೆ ಕೂರಿಸಿದೆ. ಅಲ್ಯೂಮಿನಿಯಂ ಅದು, ಕೆಳಗೆ ಆಸರೆ ಇಲ್ಲದೆ ಹೊಡೆದರೆ ಸೀಳಿಹೋಗುತ್ತೆ. ಚೆನ್ನಾಗಿದ್ದ ಸ್ಕ್ರೂಗೆ ಡ್ರೈವರ್ ಇಟ್ಟು, ಎಡಕ್ಕೆ ಬಿಗಿಯಾಗಿ ತಿರುಗಿಸಿ ಹಿಡಿದು ಹೊಡೆದೆ. ಮೂರನೇ ಏಟಿಗೆ ಕದಲಿತು. ಎಷ್ಟು ಸಂತೋಷ ಆಯ್ತು ಅಂದರೆ, ಬೋರಲ್ಲಿ ನೀರು ಬಿದ್ದಂಗೆ.

ಇನ್ನೊಂದು, ನಾನು ಕೆಡಿಸಿದ್ದು, ಅಲ್ಲಾಡಲಿಲ್ಲ. ಡ್ರೈವರ್ ತುದಿಗೆ ವಾಲ್ವ್ ಉಜ್ಜೋ ಪೇಸ್ಟ್ ಹಚ್ಚಿ ನೋಡಿದೆ, ಮರಳು ಮರಳಾಗಿರುತ್ತಲ್ಲ, ಹಿಡಿತ ಬರುತ್ತೆ ಅಂತ. ಬರಲಿಲ್ಲ. ಗರಗಸದ ಬ್ಲೇಡಲ್ಲಿ ತಲೆ ಮೇಲೆ ಗೀರು ಹಾಕಿ ಮೈನಸ್ ಡ್ರೈವರಲ್ಲಿ ತಿರುಗಿಸೋಣ ಅಂದರೆ ತಲೆ ಗುಣಿಯೊಳಗೆ ಕೂತಿದೆ, ಬ್ಲೇಡ್ ಹೋಗಲ್ಲ. ರಾತ್ರಿ ಮಲಗಿದರೆ ನಿದ್ದೆ ಇಲ್ಲ. ಬಾಡಿ ಒಡೆದರೆ ಹದಿನಾಲ್ಕು ಸಾವಿರ ತಪ್ಪಲ್ಲ, ಜೊತೆಗೆ ಮಗನ ಮಾತು ಬೇರೆ.

ಮೂರನೇ ದಿನ ಆ ಹುಡುಗನೇ ಡ್ರಿಲ್ ಮೆಷಿನ್ ತಗೊಂಡು ಬಂದ. ಸ್ಕ್ರೂ ಪೂರ್ತಿ ಕೊರೆಯೋದು ಬೇಡ, ತಲೆ ಮಾತ್ರ ಕೊರೆದು ಹಾರಿಸಬೇಕು ಅಂದ. ಸವೆದ ಗುಳಿಯೇ ಬಿಟ್ಟಿಗೆ ನಡುಮಧ್ಯ ಆಯ್ತು, ನನ್ನ ತಪ್ಪಿನಿಂದ ಆದ ಒಂದೇ ಲಾಭ. ಮೊದಲು ಸಣ್ಣ ಬಿಟ್ಟು, ಆಮೇಲೆ ಸ್ಕ್ರೂ ಮೈಯಷ್ಟೇ ದಪ್ಪದ್ದು. ಮೆಷಿನ್ ನಿಧಾನಕ್ಕೆ ಓಡಿಸಿ, ನಡುವೆ ಒಂದೊಂದು ಹನಿ ಎಣ್ಣೆ ಬಿಟ್ಟೆ. ಒಂದು ಸಲ ಜಾರಿ ಅಂಚಿಗೆ ಗೀರು ಬಿತ್ತು, ಪ್ಯಾಕಿಂಗ್ ಕೂರೋ ಜಾಗ ಅಲ್ಲ, ಬದುಕಿದೆ. ಆಮೇಲೆ ತಲೆ ಟಪ್ ಅಂತ ಬಿಟ್ಟಿಗೆ ಅಂಟಿಕೊಂಡು ಸುತ್ತತೊಡಗಿತು. ಹಳೇ ಮೋಟಾರು ಕೈಗೆ ಬಂತು, ಉಳಿದ ಸ್ಕ್ರೂ ಅರ್ಧ ಬೆರಳಗಲ ಮೇಲೆ ನಿಂತಿತ್ತು. ತಲೆ ಹೋದ ಮೇಲೆ ಬಿಗಿತದ ಅರ್ಧ ಹೋದಂಗೆ.

ಬೆಂಕಿ ತೋರಿಸಿದ್ದು ಇಲ್ಲಿ ಮಾತ್ರ, ಅದೂ ಉರಿ ಅಲ್ಲ. ಪೆಟ್ರೋಲ್ ಗಾಡಿ ಹತ್ರ ಬ್ಲೋ ಲ್ಯಾಂಪ್ ಹಿಡಿಯೋ ಕೆಲಸ ಯಾರೂ ಮಾಡಬೇಡಿ. ವೈರ್ ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ನನ್ನ ಸ್ಕ್ರೂ ಮೇಲೆ ಹತ್ತು ನಿಮಿಷ ಒತ್ತಿ ಹಿಡಿದೆವು. ಕಬ್ಬಿಣದ ಸ್ಕ್ರೂ, ಅಲ್ಯೂಮಿನಿಯಂ ಬಾಡಿ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ತೂತು ಸಡಿಲ ಆಗುತ್ತೆ. ಗ್ರಿಪ್ ಪ್ಲೈಯರಲ್ಲಿ ಹಿಡಿದು ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು, ಮತ್ತೆ ಎಡಕ್ಕೆ. ಕಿರ್ ಅಂದು ಹೊರಗೆ ಬಂತು. ಮರೆಯೆಲ್ಲ ಸುಣ್ಣದಂಥ ಬಿಳೀ ಪುಡಿ. ಎರಡು ಬೇರೆ ಬೇರೆ ಲೋಹ ತೇವದಲ್ಲಿ ವರ್ಷಗಟ್ಟಲೆ ತಬ್ಬಿಕೊಂಡಿದ್ದರೆ ಅಲ್ಯೂಮಿನಿಯಂ ಹೀಗೆ ತಿಂದುಹೋಗಿ ಸ್ಕ್ರೂನ ಕಚ್ಚಿ ಹಿಡಿಯುತ್ತೆ ಅಂತ ಹುಡುಗ ಹೇಳಿದ.

ಒಳಗಿನ ಮಸಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಹೊಸ ಮೋಟಾರಿಗೆ ಈ ಸಲ ಅಲೆನ್ ಕೀ ಸ್ಕ್ರೂ ಹಾಕಿದೆ, ಮರೆಗೆ ಗ್ರೀಸ್ ಸವರಿ. ಸ್ಟಾರ್ಟ್ ಮಾಡಿದಾಗ ಎಂಜಿನ್ ಮೊದಲು ಜೋರಾಗಿ ಕೂಗಿತು, ಎದೆ ಝಲ್ಲೆಂದಿತು. ನಾಲ್ಕೈದು ನಿಮಿಷಕ್ಕೆ ತಾನೇ ಇಳಿದು ಸಮ ಆಯ್ತು. ಮೋಟಾರು, ಪ್ಯಾಕಿಂಗ್, ಬಿಟ್ಟು ಎಲ್ಲ ಸೇರಿ ಎರಡೂವರೆ ಸಾವಿರದೊಳಗೆ ಮುಗೀತು. ಹುಡುಗ ದುಡ್ಡು ಬೇಡ ಅಂದ, ಒಂದು ಗೊನೆ ಎಳನೀರು ಕಳಿಸಿದೆ.

ಅವ್ವನ್ನ ಒಪ್ಪಿಸೋಕೆ ಸ್ಕ್ರೂಗಿಂತ ಜಾಸ್ತಿ ದಿನ ಬೇಕಾಯ್ತು. ಮುಂದಿನ ತಿಂಗಳು ಬಂದರು. ಅದೇ ಬಿ.ಎಚ್. ರಸ್ತೇಲಿ ಟ್ರಾಫಿಕ್‌ಗೆ ನಿಂತಾಗ ಹಿಂದಿನಿಂದ ನನ್ನ ಹೆಗಲು ಮುಟ್ಟಿ "ಉಸಿರಾಡ್ತಾ ಐತಾ?" ಅಂದರು. ಆಡ್ತಾ ಇತ್ತು.

ಇಂಪ್ಯಾಕ್ಟ್ ಡ್ರೈವರ್ ಆಮೇಲೆ ನಾನೂ ಒಂದು ತಗೊಂಡೆ. ಬೇಕಾದವರು ಬಂದು ತಗೊಂಡು ಹೋಗಿ, ಕೆಲಸ ಆದ ಮೇಲೆ ವಾಪಸ್ ತಂದು ಕೊಡಿ. ಹೋದ ವರ್ಷ ಒಯ್ದ ಏಣಿ ಇನ್ನೂ ಬಂದಿಲ್ಲ, ಒಯ್ದವರು ಇದನ್ನ ಓದ್ತಾ ಇದ್ದಾರೆ ಅಂತ ನನಗೆ ಗೊತ್ತು.