ಹಳೆಯ ಎಂಜಿನ್ನೇ ಇರಲಿ

ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಮೊಮ್ಮಗಳು ನನ್ನನ್ನು ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್ ಎಂಬ ಹಳ್ಳಿಗೆ ಎಳೆದೊಯ್ದಳು. ಅಲ್ಲಿನ ಶಟಲ್‌ವರ್ತ್ ಸಂಗ್ರಹಾಲಯದ ಹಳೆಯ ವಿಮಾನಗಳು ಸುಮ್ಮನೆ ನಿಂತಿರುವುದಿಲ್ಲ, ಹಾರುತ್ತವೆ!

1909ರ ಬ್ಲೇರಿಯೊ ವಿಮಾನದ ಮುಂದೆ ನಿಂತೆವು. ಮರದ ಚೌಕಟ್ಟು, ಬಟ್ಟೆಯ ರೆಕ್ಕೆ, ಸೈಕಲ್ಲಿನಂಥ ಚಕ್ರ. ಮೂತಿಯಲ್ಲಿ ಮೂರು ಸಿಲಿಂಡರಿನ ಆನ್ಜಾನಿ ಎಂಜಿನ್. ಸುಮಾರು 25 ಕುದುರೆಗಳ ಬಲ. ಆ ವರ್ಷ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು ಇಂಥದೇ ವಿಮಾನದಲ್ಲಿ. ನಾವು ಕಂಡದ್ದು 1912ರಲ್ಲಿ ಅಪಘಾತವಾಗಿ, ಲಂಡನ್ನಿನ ರೈಲು ಸೇತುವೆಯೊಂದರ ಕೆಳಗೆ ಬಿದ್ದಿತ್ತಂತೆ. ಯಾರೋ ಪುಣ್ಯಾತ್ಮರು ಕೊಂಡು, ದುರಸ್ತಿ ಮಾಡಿ, ಮತ್ತೆ ಹಾರಿಸಿದರು.

ಎಂಜಿನ್ ಈಗಲೂ ಅದೇ. ಎಣ್ಣೆ ಉಗುಳುತ್ತದೆ, ಬೇಗ ಕಾಯುತ್ತದೆ. ಹಾಗಾಗಿ ಗಾಳಿಯಿಲ್ಲದ ಸಂಜೆ ಮೈದಾನದ ಉದ್ದಕ್ಕೆ ನೇರವಾಗಿ ಒಂದು ಸಣ್ಣ ಜಿಗಿತ, ಅಷ್ಟೇ.

"ಹೊಸದು ಹಾಕಬಾರದಾ ತಾತ?" ಎಂದಳು.

ಅಲ್ಲೇ ಇರುವ ಬಾಕ್ಸ್‌ಕೈಟ್‌ಗೆ ಹಾಕಿದ್ದಾರಲ್ಲ! ಅದು 1960ರ ದಶಕದಲ್ಲಿ ಸಿನಿಮಾಕ್ಕೆಂದು ಕಟ್ಟಿದ ನಕಲು. ಹೊಸ ಕಾಲದ ಎಂಜಿನ್ನಿನಿಂದ ಮೈದಾನದ ಮೇಲೆ ಸುತ್ತು ಹಾಕುತ್ತದೆ.

ಬ್ಯಾಂಕಿನಲ್ಲಿ 34 ವರ್ಷ ಲೆಕ್ಕ ಬರೆದವನು ನಾನು. ಸವಕಳಿ ಕಳೆದು ಕಳೆದು ಈ ಆನ್ಜಾನಿಗೆ ಎಂದೋ ಒಂದು ರೂಪಾಯಿ ಬೆಲೆ ಕಟ್ಟುತ್ತಿದ್ದೆ. ಆದರೆ ಬದಲಿಸಿದರೆ, ಕಡಲಿನ ಮೇಲೆ ಬ್ಲೇರಿಯೊ ಕೇಳಿದ ಆ ಪಟಪಟ ಸದ್ದು ಇವಳ ಮಕ್ಕಳಿಗೆ ಎಲ್ಲಿ ಕೇಳಿಸೀತು?

"ರಿಪೇರಿಯೇ ಸರಿ" ಎಂದೆ.

"ಹಾಗಾದ್ರೆ ನಿನ್ನ ಮಂಡಿ?"

ಬದಲಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿದೆ. ನಾನು ಟೀ ಅಂಗಡಿಯ ಕಡೆ ಕೈ ತೋರಿಸಿ, ಕುಂಟುತ್ತ ನಡೆದೆ.