ಬೆಲ್ಲೊ ಕೇಳಿದರೆ ಬೆಲ್ಲ ತಂದ ಸೊಸೆ

ನಮ್ಮ ಮನೆಯಲ್ಲಿ ಒಂದೇ ಮದುವೆಗೆ ಎರಡು ಲೆಕ್ಕ ಉಂಟು. ಉಪ್ಪ ಮಂಜೇಶ್ವರದ ಬ್ಯಾರಿ, ಉಮ್ಮ ತಲಶ್ಶೇರಿಯ ಮಾಪ್ಪಿಳ ಮನೆಯವರು. ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಯಿತು. ಉಪ್ಪನ ಗಡ್ಡ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಆದರೂ ತಲಶ್ಶೇರಿಯಲ್ಲಿ ರೈಲಿಳಿದ ಕೂಡಲೇ ಅವರು 'ಪುದಿಯಾಪ್ಪಿಳ', ಅಂದರೆ ಹೊಸ ಮದುಮಗ. ಅಲ್ಲಿಯ ಹಳೇ ತರವಾಡುಗಳಲ್ಲಿ ಮನೆ ಹೆಣ್ಣುಮಕ್ಕಳದ್ದು, ಅಳಿಯ ಬಂದು ಉಳಿಯುವವನು. ಅವನಿಗೆಂದೇ ಒಂದು 'ಅರ', ಅಂದರೆ ಕೋಣೆ, ತೆಗೆದಿಡುತ್ತಾರೆ. ಎದುರಿಗೆ ಉನ್ನಕ್ಕಾಯ, ಮುಟ್ಟಮಾಲ, ಬಿರಿಯಾನಿ. ಸಕ್ಕರೆ ಕಾಯಿಲೆ ಇದೆ ಅಂದರೂ ಕೇಳುವವರಿಲ್ಲ, ಪುದಿಯಾಪ್ಪಿಳನಿಗೆ ಕಾಯಿಲೆ ಇರುವ ಪದ್ಧತಿಯೇ ಅಲ್ಲಿ ಇಲ್ಲ.

ಮಂಜೇಶ್ವರದಲ್ಲಿ ಉಮ್ಮನಿಗೆ ಸಿಕ್ಕಿದ ಹೆಸರು 'ಮಲಯಾಳತ್ತಿ'. ಅದಕ್ಕೂ ಮೂವತ್ತನಾಲ್ಕು ವರ್ಷ.

ಮದುವೆ ಆದ ಹೊಸತರಲ್ಲಿ ತಲಶ್ಶೇರಿಯವರು ಅಳಿಯ ಬರುತ್ತಾನೆ ಎಂದು ಅರಕ್ಕೆ ಸುಣ್ಣ ಬಳಿಸಿ ಕಾದರಂತೆ. ಇತ್ತ ಉಮ್ಮಾಮ, ಅಂದರೆ ಉಪ್ಪನ ಉಮ್ಮ, ಸೊಸೆ ಬರುತ್ತಾಳೆ ಎಂದು ಅಕ್ಕಿ ನೆನೆಹಾಕಿ ಪಿಂಡಿಗೆ ತಯಾರಾಗಿ ಕಾದರಂತೆ. ಎರಡೂ ಮನೆಯವರಿಗೆ ಬೇಸರವಾಗಬಾರದು ಎಂದು ಮೊದಲ ವರ್ಷ ಇಬ್ಬರೂ ರೈಲಿನಲ್ಲೇ ಸಂಸಾರ ಮಾಡಿದೆವು ಎನ್ನುತ್ತಾರೆ ಉಪ್ಪ. ಚಂದ್ರಗಿರಿ ಹೊಳೆಯ ಸೇತುವೆ ಎಷ್ಟು ಸಲ ದಾಟಿದ್ದಾರೋ!

ಆದರೆ ಮನೆಯ ದೊಡ್ಡ ತಮಾಷೆ ಬೇರೆಯೇ. ನಮ್ಮ ಬ್ಯಾರಿಯಲ್ಲಿ 'ಳ' ಇಲ್ಲ, ಮಲಯಾಳದ 'ವ' ನಮ್ಮ ಬಾಯಿಯಲ್ಲಿ 'ಬ' ಆಗುತ್ತದೆ. ಅವರ ವೆಳ್ಳಂ, ಅಂದರೆ ನೀರು, ನಮಗೆ ಬೆಲ್ಲೊ. ಉಮ್ಮನ ಊರಿನಲ್ಲಿ ವೆಲ್ಲಂ ಎಂದರೆ ಬೆಲ್ಲ. ಮೊದಲ ರಮಳಾನಿನಲ್ಲಿ ಮಗ್ರಿಬ್ ಬಾಂಕ್ ಆಗುತ್ತಿದ್ದಂತೆ ಉಮ್ಮಾಮ ಒಣಗಿದ ಗಂಟಲಲ್ಲಿ "ಬೆಲ್ಲೊ" ಎಂದರು. ಹೊಸ ಸೊಸೆ ಅಡುಗೆಮನೆಗೆ ಓಡಿ, ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಂಡು ಬಂದರು.

ಈ ಕತೆಯನ್ನು ನನ್ನ ಇಬ್ಬರು ಮಾಮಿಯರೂ ಹೇಳದ ಮಂಗಿಲ ಇಲ್ಲ, ಮೈಲಾಂಜಿ ಇಲ್ಲ. ಅವರು ತಲಪಾಡಿ ಗಡಿ ದಾಟಿ ಮಂಗಳೂರು ಕಡೆಗೆ ಮದುವೆಯಾಗಿ ಹೋದವರು. ಹೋದ ಮೇಲೆ ಅವರ ಬ್ಯಾರಿತನ ಇನ್ನೂ ಜಾಸ್ತಿಯಾಯಿತು ಎಂದು ನನ್ನ ಅಂದಾಜು. ಮಂಜೇಶ್ವರ ಬಿಟ್ಟು ಎಲ್ಲೂ ಹೋಗದ ಉಮ್ಮಾಮನೇ 1956ರ ನವೆಂಬರ್ 1ರಿಂದ ಕೇರಳದವರು ಎಂಬುದು ಮಾಮಿಯರಿಗೆ ನೆನಪಿರುವುದಿಲ್ಲ. ಉಪ್ಪ ಕನ್ನಡ ಮಾಧ್ಯಮದಲ್ಲಿ ಕಲಿತವರು. ಪಂಚಾಯತಿನಿಂದಲೋ ಕರೆಂಟಿನವರಿಂದಲೋ ಮಲಯಾಳದಲ್ಲಿ ಕಾಗದ ಬಂದರೆ ಓದಿ ಹೇಳಲು ನಮ್ಮ ಬೀದಿಗೆಲ್ಲ ಆ ಮಲಯಾಳತ್ತಿಯೇ ಬೇಕು.

ಉಮ್ಮನೂ ಸುಮ್ಮನಿರುವವರಲ್ಲ. ಬ್ಯಾರಿ ಬೇರೆಯೇ ಭಾಷೆ ಎಂದು ಉಪ್ಪ ಶುರು ಮಾಡಿದರೆ, "ನಿಮ್ಮ ಮೊದಲ ಬ್ಯಾರಿ ಸಿನಿಮಾ ತೆಗೆಯಲು ನಮ್ಮವರೇ ಬರಬೇಕಾಯಿತಲ್ಲ" ಎಂದು ನಗುತ್ತಾರೆ. ಸುಳ್ಳಲ್ಲ. 2011ರ 'ಬ್ಯಾರಿ' ಚಿತ್ರದ ನಿರ್ದೇಶಕ ಸುವೀರನ್ ಕೇರಳದವರು. "ಪ್ರಶಸ್ತಿ ಬಂದದ್ದು ಬ್ಯಾರಿಗೆ" ಎಂದು ಉಪ್ಪ. "ಅದರಲ್ಲೂ ಅರ್ಧ ಮರಾಠಿಯವರಿಗೆ ಹೋಯಿತು" ಎಂದು ಉಮ್ಮ. ಆ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿದ್ದರು.

ಹೀಗೆ ನಗುತ್ತಿದ್ದ ಉಮ್ಮ ನನಗೆ ಮೊದಲ ಸಂಬಂಧ ಬಂದ ವರ್ಷ ಬೆಲ್ಲದ ಕತೆಗೆ ನಗುವುದನ್ನು ನಿಲ್ಲಿಸಿದರು. ಹುಡುಗನ ಕಡೆಯವರು ಬಂದರು, ತಿಂದರು, ಹೊಗಳಿದರು. ವಾರದ ಮೇಲೆ ದಲ್ಲಾಳಿ ಫೋನ್ ಮಾಡಿ, "ಹುಡುಗಿ ಒಳ್ಳೆಯವಳೇ, ಆದರೆ ಉಮ್ಮ ಆ ಕಡೆಯವರಂತಲ್ಲ, ನಾಳೆ ಅಳಿಯನನ್ನು ಅಲ್ಲೇ ಇಟ್ಟುಕೊಂಡರೆ ಎಂದು ಅವರಿಗೆ ಹೆದರಿಕೆ" ಎಂದ. ಉಪ್ಪ ಜೋರಾಗಿ ನಕ್ಕರು. ಉಮ್ಮ ಎದ್ದು ಪಾತ್ರೆ ತೊಳೆಯಲು ಹೋದರು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು.

ಆ ರಾತ್ರಿಯೇ ಅವರು ನನಗೆ ಆ ಕತೆಯ ಉಳಿದ ಭಾಗ ಹೇಳಿದ್ದು. ಅಷ್ಟು ವರ್ಷ ಅದು ನನಗೂ ಗೊತ್ತಿರಲಿಲ್ಲ. ತಟ್ಟೆ ನೋಡಿ ಮಾಮಿಯರು ಬಿದ್ದು ಬಿದ್ದು ನಕ್ಕಾಗ ಉಮ್ಮಾಮ ನಗಲಿಲ್ಲವಂತೆ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಆಮೇಲೆ ತಾವೇ ಚೆಂಬಿನಿಂದ ನೀರು ಬಗ್ಗಿಸಿ ಕುಡಿದರು. ಸಣ್ಣವರಿದ್ದಾಗ ತಮ್ಮ ಉಪ್ಪನ ಜೊತೆ ಅಡಿಕೆ ವ್ಯಾಪಾರಕ್ಕೆ ಪೈವಳಿಕೆ ಕಡೆಯ ಭಟ್ರ ಮನೆಗಳಿಗೆ ಹೋಗುತ್ತಿದ್ದರಂತೆ. "ಬಿಸಿಲಲ್ಲಿ ಬಂದವರಿಗೆ ಅಲ್ಲಿ ಆಸರಿಗೆ ಮೊದಲು ಬೆಲ್ಲ, ಆಮೇಲೆ ನೀರು. ಇವಳು ಸರಿಯಾಗಿಯೇ ತಂದಿದ್ದಾಳೆ, ನೀರು ತರುವ ಮೊದಲು ನೀವು ನಗಲು ಶುರು ಮಾಡಿದ್ದು." ಮರುದಿನದಿಂದ ಆ ತಿಂಗಳು ಮುಗಿಯುವವರೆಗೂ ಖರ್ಜೂರದ ಪಕ್ಕದಲ್ಲಿ ಬೆಲ್ಲ ಇಡಿಸಿಕೊಂಡರಂತೆ. 'ಮಲಯಾಳತ್ತಿ' ಎಂದು ಉಮ್ಮಾಮನೂ ಕರೆಯುತ್ತಿದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಾಗೆ ಕರೆದೇ ಕೀಲಿಕೈ ಗೊಂಚಲನ್ನೂ ಕೊಟ್ಟರು.

ಮುಂದಿನ ವರ್ಷ ಉಳ್ಳಾಲದಿಂದ ಇನ್ನೊಂದು ಸಂಬಂಧ ಬಂತು. ಚಾ ಕುಡಿದು ಮಾತು ನಿಂತಿತು, ಫ್ಯಾನಿನ ಸದ್ದು ಮಾತ್ರ. ದೊಡ್ಡ ಮಾಮಿ ಗಂಟಲು ಸರಿ ಮಾಡಿಕೊಂಡಾಗಲೇ ನನಗೆ ಗೊತ್ತಾಯಿತು, ಬೆಲ್ಲ ಬರುತ್ತದೆ ಎಂದು. ಬಂತು. ಎಲ್ಲರೂ ನಕ್ಕರು. ಉಮ್ಮ ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದರು. "ಮಾಮಿ, ಉಮ್ಮಾಮ ಹೇಳಿದ್ದನ್ನೂ ಹೇಳಿ" ಎಂದೆ. ಹೆಣ್ಣು ನೋಡಲು ಬಂದವರ ಎದುರು ಹುಡುಗಿ ಬಾಯಿ ಹಾಕಬಾರದು ಎಂಬುದು ನನಗೂ ಗೊತ್ತಿತ್ತು. ಮಾಮಿ ಮರೆತವರ ಹಾಗೆ ಮುಖ ಮಾಡಿದರು. ಹಾಗಾಗಿ ನಾನೇ ಹೇಳಿದೆ, ಪೈವಳಿಕೆಯ ಜಗಲಿಯವರೆಗೆ ಪೂರ್ತಿ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಉಪ್ಪ ಫ್ಯಾನ್ ನೋಡುತ್ತಿದ್ದರು. ಆಗ ಹುಡುಗನ ಅಜ್ಜಿ ಉಮ್ಮನ ಕಡೆ ತಿರುಗಿ ಕೇಳಿದರು: "ಯಾವ ಬೆಲ್ಲ ಅದು? ಓಲೆ ಬೆಲ್ಲವಾ?"

ಉಮ್ಮ ಟ್ರೇ ಕೆಳಗಿಟ್ಟು ಅವರ ಪಕ್ಕದಲ್ಲೇ ಕುಳಿತರು. ಇಬ್ಬರೂ ಅರ್ಧ ಗಂಟೆ ಬೆಲ್ಲದ ವಿಷಯವೇ ಮಾತಾಡಿದರು, ಇವರು ತಲಶ್ಶೇರಿಯ ಮಾತಿನಲ್ಲಿ, ಅವರು ಉಳ್ಳಾಲದ ಬ್ಯಾರಿಯಲ್ಲಿ. ನನ್ನನ್ನು ನೋಡಲು ಬಂದದ್ದು ಅಜ್ಜಿಗೆ ಮರೆತೇ ಹೋಗಿತ್ತು.

ಆ ಮನೆಗೇ ನನ್ನ ಮದುವೆ ಆಯಿತು. ನಿಕಾಹ್‌ಗೆ ಮೊದಲು ತಲಶ್ಶೇರಿಯ ಮಾವಂದಿರು ಯಾರನ್ನೂ ಕೇಳದೆ ಒಂದು ಅರಕ್ಕೆ ಬಣ್ಣ ಹೊಡೆಸಿ, ಹೊಸ ಮಂಚ ಹಾಕಿಸಿ ಫೋಟೋ ಕಳಿಸಿದರು. ಮೊದಲ ಸಂಬಂಧದವರ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ ಅನ್ನಿ. ಈದ್ ಕಳೆದು ನಾಲ್ಕು ದಿನ ಅಲ್ಲಿದ್ದೆವು. ಮೂರನೇ ದಿನ ರಾತ್ರಿ, ನಾಲ್ಕನೇ ಸಲ ಬಿರಿಯಾನಿ ಬಡಿಸಿದ ಮೇಲೆ, ನನ್ನ ಗಂಡ ಮೆಲ್ಲಗೆ ಉಪ್ಪನ ಹತ್ತಿರ ಸರಿದು ಕೇಳಿದರು, "ಮಾವ, ಈ ಪುದಿಯಾಪ್ಪಿಳ ಎನ್ನುವುದು ಎಷ್ಟು ದಿನ ಇರುತ್ತದೆ?"

ಉಪ್ಪ ಬೆಲ್ಟ್ ಒಂದು ತೂತು ಸಡಿಲಿಸಿಕೊಂಡರು. "ನನ್ನದು ಮುಗಿದಾಗ ಹೇಳುತ್ತೇನೆ ಮಗಾ" ಎಂದರು.